ಅಪ್ಪನ ಬಲಗಾಲು

ಆ ಮನೆಯ ಊಟದ ಮೇಜಿನ ಕೆಳಗೆ, ಅಪ್ಪ ಕೂರುವ ಜಾಗದಲ್ಲಿ, ನೆಲಕ್ಕೆ ಹಾಸಿದ ಪ್ಲಾಸ್ಟಿಕ್ ಹಾಸು ಅಂಗೈಯಗಲ ಸವೆದುಹೋಗಿತ್ತು. ಬೇರೆ ಯಾರ ಜಾಗದಲ್ಲೂ ಸವೆದಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅಪ್ಪ ಜನರಿಗೆ ಕಾರು ಓಡಿಸಲು ಕಲಿಸುತ್ತಿದ್ದ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಕಂಬದ ಕಡೆಗೋ ಸೈಕಲ್ಲಿನ ಕಡೆಗೋ ಹೊರಟರೆ ಅಪ್ಪನ ಬಲಗಾಲು ತಾನಾಗಿ ಅದನ್ನು ಒತ್ತುತ್ತಿತ್ತು. ಕಾರಿನಿಂದ ಇಳಿದ ಮೇಲೂ ಆ ಕಾಲಿಗೆ ರಜೆ ಇರಲಿಲ್ಲ. ಅಮ್ಮ ಬೇಳೆಗೆ ಎರಡನೇ ಚಮಚ ಉಪ್ಪು ಹಾಕಹೊರಟರೆ ಒತ್ತುತ್ತಿತ್ತು. ಅಜ್ಜಿ ನಲವತ್ತು ವರ್ಷದ ಹಿಂದಿನ ನಾದಿನಿಯ ಜಗಳ ತೆಗೆದರೆ ಒತ್ತುತ್ತಿತ್ತು. ಮಗಳು "ನಾಟಕದ ತಂಡ ಸೇರ್ತೀನಿ" ಅಂದ ದಿನವಂತೂ ಎಷ್ಟು ಜೋರಾಗಿ ಒತ್ತಿತೆಂದರೆ ಕುರ್ಚಿ ಹಿಂದಕ್ಕೆ ಜಾರಿ ಗೋಡೆಗೆ ಬಡಿಯಿತು.

"ಬೇಡ ಅನ್ನೋಕೆ ಇವನಿಗೆ ಬಾಯಿ ಬರಲ್ಲ, ಕಾಲು ಬರುತ್ತೆ," ಎನ್ನುತ್ತಿದ್ದಳು ಅಜ್ಜಿ.

ಮಗಳಿಗೆ ಅಜ್ಜಿ ಇಟ್ಟ ಅಡ್ಡಹೆಸರು ಪಟಾಕಿ. ಮನೆಯಲ್ಲಿ ಪಟಪಟ ಸಿಡಿಯುವವಳು ವೇದಿಕೆ ಹತ್ತಿದರೆ ಮಾತ್ರ ಠುಸ್. ಮೂರು ವರ್ಷದಲ್ಲಿ ತಂಡ ಅವಳಿಗೆ ಕೊಟ್ಟ ಪಾತ್ರಗಳೆಂದರೆ ಎರಡನೇ ಕೆಲಸದವಳು, ಪಕ್ಕದ ಮನೆಯವಳು, ಗುಂಪಿನಲ್ಲಿ ಅಳುವವಳು. ಒಂದು ನಾಟಕದಲ್ಲಿ ಪಾತ್ರವೂ ಇರಲಿಲ್ಲ, ಪರದೆಯ ಹಿಂದೆ ನಿಂತು ಬಾಗಿಲು ತಟ್ಟುವ ಸದ್ದು ಮಾಡಬೇಕಿತ್ತು. ಅದಕ್ಕೂ ಮನೆಯವರೆಲ್ಲ ಹೋಗಿದ್ದರು. "ಚೆನ್ನಾಗಿ ತಟ್ಟಿದೆ ಕಣೆ," ಎಂದು ಅಮ್ಮ ಮನಸಾರೆ ಹೇಳಿದಳು. ಬೆಳಿಗ್ಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಒರೆಸುವುದು, ಮಧ್ಯಾಹ್ನದ ಮೇಲೆ ತಾಲೀಮು, ಹೀಗೆಯೇ ಇಪ್ಪತ್ತಾರು ತುಂಬಿತ್ತು. ಒಂದು ಸಲವಾದರೂ ಜನ ತನ್ನನ್ನೇ ನೋಡಲು ಬರಬೇಕು ಎಂಬುದು ಅವಳ ಆಸೆ. ಅದರಾಚೆ ಅವಳು ಏನನ್ನೂ ಕೇಳುತ್ತಿರಲಿಲ್ಲ.

ಮುಚ್ಚಿಹೋದ ಪ್ರಿಂಟಿಂಗ್ ಪ್ರೆಸ್ಸೊಂದರ ಹಾಲಿನಲ್ಲಿ ಶನಿವಾರ ಸಂಜೆ ಐದಕ್ಕೆ ಒಬ್ಬೊಬ್ಬರೇ ಮೈಕು ಹಿಡಿದು ಜನರನ್ನು ನಗಿಸುವ ಕಾರ್ಯಕ್ರಮ ನಡೆಯುತ್ತಿತ್ತು. ನಡೆಸುವವನಿಗೆ ಎದೆಯುದ್ದ ಗಡ್ಡ, ಹಾಗಾಗಿ ಎಲ್ಲರ ಬಾಯಲ್ಲೂ ಅವನು ಗಡ್ಡದವನು. ಪಟಾಕಿ ಅಲ್ಲಿ ಎರಡು ಶನಿವಾರ ಮೊಬೈಲಿನ ಮೇಲೆ, ಟ್ರಾಫಿಕ್ಕಿನ ಮೇಲೆ ಜೋಕು ಹೇಳಿ ನೋಡಿದಳು. ಜನ ಕೆಮ್ಮಿದರು. ಮೂರನೇ ಶನಿವಾರ ಬರೆದುಕೊಂಡ ಚೀಟಿಯನ್ನೇ ಮನೆಯಲ್ಲಿ ಬಿಟ್ಟುಬಂದಿದ್ದಳು. ಏನೂ ತೋಚದೆ, ಮನೆಯಲ್ಲಿ ದಿನಾ ಕಣ್ಣೆದುರಿಗೆ ಇದ್ದದ್ದನ್ನು ಹೇಳಿಬಿಟ್ಟಳು.

"ನಮ್ಮಪ್ಪ ಡ್ರೈವಿಂಗ್ ಕಲಿಸ್ತಾರೆ. ಕಾರು ಸ್ಕೂಲಲ್ಲಿ ಬಿಟ್ಟು ಬರ್ತಾರೆ, ಬ್ರೇಕು ಮಾತ್ರ ಮನೆಗೆ ತರ್ತಾರೆ. ನನಗೊಬ್ಬ ಇಷ್ಟ ಆಗಿದಾನೆ ಅಂತ ಊಟಕ್ಕೆ ಕೂತಾಗ ಹೇಳ್ದೆ. ಅಪ್ಪ ಏನೂ ಅನ್ನಲಿಲ್ಲ. ಮೇಜಿನ ಕೆಳಗೆ, ಧಪ್! ಪಾಪ, ಅವನು ಇವತ್ತಿಗೂ ಬೀದಿ ತುದೀಲಿ ಹಾಗೇ ನಿಂತಿದಾನೆ."

ಕಾಲೆತ್ತಿ ಹಲಗೆಯ ಮೇಲೆ ಕುಟ್ಟಿ ತೋರಿಸಿದಳು. ಹಾಲ್ ಬಿದ್ದು ಬಿದ್ದು ನಕ್ಕಿತು. ಅಪ್ಪ ಆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಮ್ಮ ಇದನ್ನು ಕಾಲುನೋವೆಂದುಕೊಂಡು ಎಣ್ಣೆ ಹಚ್ಚಿದ್ದು, ಎಣ್ಣೆ ಬಿದ್ದ ಮೇಲೆ ಬ್ರೇಕು ಇನ್ನೂ ಚೆನ್ನಾಗಿ ಹಿಡಿದದ್ದು, ಎಲ್ಲ ಬಂತು. ಮುಂದಿನ ಶನಿವಾರವೂ ಅದನ್ನೇ ಹೇಳಿಸಿದರು. ಗಡ್ಡದವನು ಪಕ್ಕಕ್ಕೆ ಕರೆದ.

"ಆರು ವಾರ ಕೊಡ್ತೀನಿ, ಶನಿವಾರಕ್ಕೆ ಹತ್ತು ನಿಮಿಷ. ಜನ ಮತ್ತೆ ಮತ್ತೆ ಬಂದ್ರೆ ಶನಿವಾರದ ಕೊನೇ ಸರದಿ ನಿಂದು. ಸಂಬಳ, ಪೋಸ್ಟರು, ಎಲ್ಲ."

ಪೋಸ್ಟರು ಅಂದ ಮಾತು ಅವಳ ಕಿವಿಯಲ್ಲಿ ಮೂರು ದಿನ ಉಳಿಯಿತು. ನಾಲ್ಕನೇ ದಿನ ಅಪ್ಪ ಕೆಲಸದಿಂದ ಬಂದವನು ಬೂಟು ಬಿಚ್ಚದೆ ನೇರ ಅಡುಗೆಮನೆಗೆ ಬಂದ.

"ಇವತ್ತು ಔಷಧಿ ಅಂಗಡಿಯವನಿಗೆ ಕಲಿಸ್ತಿದ್ದೆ. ತಿರುವಲ್ಲಿ ಬ್ರೇಕ್ ಒತ್ತಿದೆ, ನಕ್ಕ. ಸ್ಕೂಟರ್ ಅಡ್ಡ ಬಂತು, ಒತ್ತಿದೆ, ನಕ್ಕ. ಏನಯ್ಯಾ ಅಂದ್ರೆ ಗಾಡಿ ನಿಲ್ಲಿಸಿ ಮೊಬೈಲಲ್ಲಿ ಇವಳ ವೀಡಿಯೋ ತೋರಿಸಿದ."

"ನಕ್ಕೊಳ್ಳಲಿ ಬಿಡಿ," ಅಂದಳು ಅಮ್ಮ. "ಕೈ ತೊಳ್ಕೊಳ್ಳಿ, ಅನ್ನ ಆರ್ತಿದೆ."

"ನೀನು ನೋಡಿದ್ದೀಯಾ ಅದನ್ನ?"

ಅಮ್ಮ ಆಲೂಗಡ್ಡೆಯ ಪಾತ್ರೆಯನ್ನೇ ನೋಡಿದಳು. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವವಳು. ಜೊತೆಯವರು ಆಗಲೇ ತೋರಿಸಿದ್ದರು. ಬಿಳಿ ಬಟ್ಟೆಯ ರಾಶಿಗೆ ಮುಖ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು.

"ಎಣ್ಣೆ ಹಚ್ಚಿದ್ದು ಸುಳ್ಳಲ್ವಲ್ಲ," ಎಂದಳು ಮೆಲ್ಲಗೆ.

"ಸುಳ್ಳೋ ನಿಜವೋ, ಮನೆ ಮಾತು ಬೀದಿಗೆ ಹಾಕಿದ್ದಾಳೆ! ನನ್ನ ಕಾಲು ಅಂದ್ರೆ ಏನು, ಇವಳಪ್ಪನ ಮನೆ ಆಸ್ತಿನಾ?"

"ಇವಳಪ್ಪಂದೇ ಅಲ್ವೇನೋ," ಅಂದಳು ಅಜ್ಜಿ, ಹಲ್ಲಿನ ಸೆಟ್ಟನ್ನು ಲೋಟದಲ್ಲಿ ಅಲ್ಲಾಡಿಸುತ್ತ.

ಪಟಾಕಿಗೆ ನಗು ತಡೆಯಲಾಗಲಿಲ್ಲ. ಅಪ್ಪ ನಗಲಿಲ್ಲ.

"ಅಪ್ಪಾ, ಅವರು ನಿನ್ನ ನೋಡಿ ನಗ್ತಿಲ್ಲ. ನಾನು ಹೇಳೋ ರೀತಿಗೆ ನಗ್ತಾರೆ."

"ಕಾರಲ್ಲಿ ನೀನಿರ್ತೀಯೇನೇ? ನಾನಿರ್ತೀನಿ. ಕಲಿಯೋಕೆ ಬರೋರಿಗೆ ಕೈ ನಡುಗ್ತಿರುತ್ತೆ. ಪಕ್ಕದಲ್ಲಿ ನನ್ನ ಕಾಲಿದೆ ಅನ್ನೋ ಧೈರ್ಯಕ್ಕೆ ಗಾಡಿ ಬಿಡ್ತಾರೆ. ಅದೇ ನಗೆಪಾಟಲಾದ್ರೆ ನಾನು ಏನು ಕಲಿಸ್ಲಿ?" ತಡೆಯಲಾರದೆ ಸೇರಿಸಿದ. "ಅದೂ ಅಲ್ದೆ ನೀನು ಒತ್ತೋದೇ ತಪ್ಪು. ಹಿಮ್ಮಡಿ ನೆಲ ಬಿಡಬಾರದು, ಬೆರಳ ಬುಡದಿಂದ ಒತ್ತಬೇಕು. ನೀನು ಇಡೀ ಕಾಲೆತ್ತಿ ಕುಟ್ತೀಯ. ಅದು ಬ್ರೇಕಲ್ಲ, ಜಿರಳೆ ಸಾಯಿಸೋದು."

"ಆಯ್ತಪ್ಪ. ಇನ್ನು ನಿನ್ನ ಕಾಲಿನ ಸುದ್ದಿ ಎತ್ತಲ್ಲ. ಸಾಕಾ?"

"ಅನ್ನದ ಮುಂದೆ ಕೂತು ಹೇಳ್ತಿದ್ದೀಯ. ನೆನಪಿರಲಿ."

ನೆನಪೇನೋ ಇತ್ತು. ಆರು ವಾರದ ಮೊದಲ ಶನಿವಾರ ಅವಳು ಅಜ್ಜಿಯ ಹಲ್ಲಿನ ಮೇಲೆ ಹತ್ತು ನಿಮಿಷ ಕಟ್ಟಿಕೊಂಡು ಹೋದಳು. ಅಜ್ಜಿಯೇ ಅಪ್ಪಣೆ ಕೊಟ್ಟಿದ್ದಳು: "ನನ್ನ ಹಲ್ಲಿನ ಮೇಲೆ ಎಷ್ಟು ಬೇಕಾದ್ರೂ ಹೇಳು. ಅದೇನು ಹುಟ್ಟಿದಾಗಿಂದ ಬಂದಿದ್ದಲ್ಲ, ಅಂಗಡೀಲಿ ತಂದಿದ್ದು." ಮೂರನೇ ನಿಮಿಷಕ್ಕೆ ಹಿಂದಿನ ಸಾಲಿನಿಂದ ಯಾರೋ "ಕಾಲು!" ಎಂದು ಕೂಗಿದರು. ಆಮೇಲೆ ಇಡೀ ಹಾಲ್ "ಕಾಲು, ಕಾಲು" ಎಂದು ಚಪ್ಪಾಳೆ ತಟ್ಟಿತು. ಅವಳು ಹಲ್ಲಿನ ಕಥೆ ಬಿಡಲಿಲ್ಲ. ಹತ್ತು ನಿಮಿಷ ಮುಗಿದಾಗ ಬೆನ್ನು ಒದ್ದೆಯಾಗಿತ್ತು.

ಗಡ್ಡದವನು ಬೈಯಲಿಲ್ಲ. ಕುರ್ಚಿ ಮಡಿಸುತ್ತ ಹೇಳಿದ: "ನೋಡು, ನಿನ್ನ ಮನೆ ವಿಷಯ ನಿನಗೆ ಬಿಟ್ಟಿದ್ದು. ಆದ್ರೆ ಆರು ವಾರ ಅಂದಿದ್ದು ಆ ಕಾಲಿಗೆ. ನಿನಗಲ್ಲ."

ಅತ್ತ ದರಿ, ಇತ್ತ ಪುಲಿ. ಎರಡನೇ ಶನಿವಾರ ಅವಳು ಕಾಲೆತ್ತಿ ಕುಟ್ಟಿದಳು.

"ಹೇಗಾಯ್ತು?" ಎಂದು ಊಟಕ್ಕೆ ಕೂತಾಗ ಅಮ್ಮ ಕೇಳಿದಳು.

"ಚೆನ್ನಾಗಾಯ್ತು. ಅಜ್ಜಿ ಹಲ್ಲು ಹೇಳ್ದೆ."

"ನಕ್ಕರಾ?" ಅಜ್ಜಿಗೆ ಕುತೂಹಲ.

"ಹೂಂ. ತುಂಬಾ."

ಅಜ್ಜಿಯ ಮುಖ ಅರಳಿತು. ಅಪ್ಪ ಏನೂ ಕೇಳಲಿಲ್ಲ. ಅವನು ಕೇಳಬೇಕಾಗಿಯೂ ಇರಲಿಲ್ಲ, ಸೋಮವಾರ ಕಾರು ಹತ್ತಿದವರ ಮುಖ ನೋಡಿದರೆ ಸಾಕಿತ್ತು. ಬೆಲ್ಟ್ ಹಾಕಿಕೊಳ್ಳುವ ಮೊದಲೇ ಅವರ ಕಣ್ಣು ಅವನ ಬೂಟಿನ ಕಡೆ ಹೋಗುತ್ತಿತ್ತು. ಸ್ಕೂಲಿನ ಮಾಲೀಕನೂ "ಏನ್ರೀ, ನಮ್ಮ ಬ್ರೇಕು ದೊಡ್ಡ ಕಲಾವಿದ ಆಗ್ಬಿಡ್ತಲ್ಲ!" ಎಂದು ಎಲ್ಲರೆದುರು ಬೆನ್ನು ತಟ್ಟಿದ.

ಅಪ್ಪ ಜಗಳವಾಡಲಿಲ್ಲ. ಕಾಲನ್ನು ತಿದ್ದತೊಡಗಿದ. ಊಟಕ್ಕೆ ಕೂತರೆ ಬಲಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು, ಅದರ ಮೇಲೆ ಎಡಗಾಲನ್ನು ಹೆಣೆದು ಕೂರುತ್ತಿದ್ದ. ಅಮ್ಮನ ಚಮಚ ಉಪ್ಪಿನ ಡಬ್ಬಿಗೆ ಎರಡನೇ ಸಲ ಹೋದಾಗ ಅವನ ತೊಡೆ ಬಿಗಿಯಾಗುವುದು ಕಾಣುತ್ತಿತ್ತು. ಎಡಗಾಲು ಬಿಡುತ್ತಿರಲಿಲ್ಲ. ಕಾರಿನಲ್ಲೂ ಹಾಗೆಯೇ ಕೂತು ಅಭ್ಯಾಸ ಮಾಡಿಕೊಂಡ.

ಮಾತೂ ಕಡಿಮೆಯಾಯಿತು. ಎಲ್ಲಿ ಏನಂದರೆ ಶನಿವಾರ ಮೈಕಿಗೆ ಹೋಗುತ್ತದೋ ಎಂದು ಎಲ್ಲರಿಗೂ ಅಳುಕು. ಲಾಂಡ್ರಿಯಲ್ಲಿ ಯಾರೋ ತಲೆದಿಂಬಿನೊಳಗೆ ಹಲ್ಲಿನ ಸೆಟ್ಟು ಮರೆತ ಕಥೆಯನ್ನು ಅಮ್ಮ ಶುರುಮಾಡಿದವಳು ಮಗಳ ಮುಖ ನೋಡಿ ನಿಲ್ಲಿಸಿದಳು.

"ಹೇಳಮ್ಮ, ಆಮೇಲೆ?"

"ಏನಿಲ್ಲ ಬಿಡು. ನೀರು ಕೊಡು."

ನಾಟಕದ ತಂಡದಲ್ಲೂ ಅದೇ ಕಾಟ. ಆ ತಿಂಗಳು ಅವಳಿಗೆ ಮೊದಲ ಸಲ ಮೂರು ಸಾಲಿನ ಪಾತ್ರ ಸಿಕ್ಕಿತ್ತು. ಮಗ ಸತ್ತ ಸುದ್ದಿಯನ್ನು ತಾಯಿಗೆ ತಂದು ಹೇಳುವವಳು. ಅವಳು ತಟ್ಟೆ ಹಿಡಿದು ಒಳಗೆ ಬಂದದ್ದೇ ತಡ, ಜನರ ನಡುವೆ ಒಬ್ಬ "ಬ್ರೇಕ್!" ಅಂದ. ಸಾವಿನ ಮನೆಯಲ್ಲಿ ಇನ್ನೂರು ಜನ ನಕ್ಕರು. ಮಾರನೆಯ ದಿನ ನಿರ್ದೇಶಕಿ ಆ ಮೂರು ಸಾಲನ್ನು ಇನ್ನೊಬ್ಬಳಿಗೆ ಕೊಟ್ಟು, "ನಿನ್ನ ತಪ್ಪಲ್ಲ ಕಣೆ. ಆದ್ರೆ ನಿನ್ನನ್ನ ನೋಡಿದ್ರೆ ಈಗ ಯಾರೂ ಅಳಲ್ಲ," ಎಂದಳು. ಪಟಾಕಿ ಮತ್ತೆ ಪರದೆಯ ಹಿಂದೆ ಹೋಗಿ ಬಾಗಿಲು ತಟ್ಟಿದಳು. ಅವಳಿಗೆ ಉಳಿದದ್ದು ಶನಿವಾರ ಒಂದೇ.

ಐದನೇ ಶನಿವಾರ ಕಳೆದು ಬಂದ ಬುಧವಾರ ಅಪ್ಪ ಶಾಲೆಯ ಟೀಚರೊಬ್ಬಳಿಗೆ ಇಳಿಜಾರಿನ ಪಾಠ ಮಾಡುತ್ತಿದ್ದ. ಮರದ ಡಿಪೋದ ಗೇಟಿನಿಂದ ಲಾರಿಯೊಂದು ಹಿಂದಕ್ಕೆ ಬಂತು. ಟೀಚರು ಗಾಬರಿಯಲ್ಲಿ ಬ್ರೇಕಿನ ಬದಲು ಪಕ್ಕದ ಆಕ್ಸಿಲರೇಟರ್ ತುಳಿದಳು. ಅಪ್ಪನ ಕಾಲಿಗೆ ಅದು ಅವಳಿಗಿಂತ ಮೊದಲೇ ಗೊತ್ತಾಯಿತು. ಆದರೆ ಅದು ಸೀಟಿನ ಕೆಳಗೆ, ಎಡಗಾಲಿನ ಹೆಣಿಗೆಯಲ್ಲಿತ್ತು. ಬಿಡಿಸಿಕೊಂಡು ಮುಂದೆ ಬರುವಷ್ಟರಲ್ಲಿ ಕಾರು ಲಾರಿಯ ಹಿಂಬದಿಗೆ ನುಗ್ಗಿತ್ತು. ಟೀಚರ ಹೆಗಲ ಮೂಳೆ ಮುರಿಯಿತು. ಅಪ್ಪನ ಹಣೆಗೆ ನಾಲ್ಕು ಹೊಲಿಗೆ ಬಿತ್ತು.

"ಇಪ್ಪತ್ತೆರಡು ವರ್ಷದಲ್ಲಿ ಒಂದು ಗೀರು ಬಿದ್ದಿರಲಿಲ್ಲ ಕಣ್ರೀ," ಎಂದ ಮಾಲೀಕ. "ಲಾರಿ ನೋಡ್ಲಿಲ್ವಾ?"

"ನೋಡಿದೆ."

"ಮತ್ತೆ?"

ಅಪ್ಪ ತನ್ನ ಬೂಟು ನೋಡಿಕೊಂಡ. ಗುರುವಾರದಿಂದ ಅವನನ್ನು ಕಾರಿನಿಂದ ಇಳಿಸಿ ಆಫೀಸಿನ ಮೇಜಿಗೆ ಕೂರಿಸಿದರು. ಲೈಸೆನ್ಸಿನ ಅರ್ಜಿಗಳನ್ನು ತುಂಬುವ ಕೆಲಸ.

ಮನೆಯಲ್ಲಿ ಅಜ್ಜಿ ಕೇಳಿಯೇಬಿಟ್ಟಳು. "ಆ ಹೊತ್ತಲ್ಲಿ ನಿನ್ನ ಕಾಲೆಲ್ಲಿತ್ತೋ?"

"ಕಟ್ಟಿ ಹಾಕಿದ್ದೆ," ಅಂದ ಅಪ್ಪ. "ಆಕೆ ಕಾರು ಹತ್ತಿದಾಗಿಂದ ನನ್ನ ಬೂಟು ನೋಡಿ ತುಟಿ ಕಚ್ಕೊಳ್ತಿದ್ಲು. ಒತ್ತಿದ್ರೆ ನಗ್ತಾಳೆ ಅಂತ ಹಿಂದಕ್ಕೆ ಇಟ್ಕೊಂಡಿದ್ದೆ. ಪಾಪ, ಎಳೇ ಮಗು ಇದೆಯಂತೆ. ಎತ್ಕೊಳ್ಳೋಕೂ ಆಗಲ್ಲ ಈಗ."

ಪಟಾಕಿಯ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ನನ್ನಿಂದಾನೇ ಆಯ್ತಲ್ಲ," ಅಂದಳು.

"ಹೌದು, ನಿನ್ನಿಂದಾನೇ." ಅಮ್ಮ ಹಾಗೆ ಗದರಿದ್ದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. "ಅನ್ನದ ಮುಂದೆ ಮಾತು ಕೊಟ್ಟು, ಪ್ರತಿ ಶನಿವಾರ ಹೋಗಿ ಕುಟ್ಟಿ ಬಂದಿದ್ದೀಯ. ಹಲ್ಲಂತೆ ಹಲ್ಲು! ನಮಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?" ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಾನೂ ನಕ್ಕೆ. ನನ್ನದೂ ತಪ್ಪೇ," ಎಂದಳು.

"ಹಾಗಾದ್ರೆ ಹಲ್ಲು ಹೇಳೇ ಇಲ್ವಾ ನೀನು?" ಎಂದಳು ಅಜ್ಜಿ. ಅವಳು ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಇನ್ನು ಹೋಗಲ್ಲ," ಅಂದಳು ಪಟಾಕಿ. "ಆರನೇ ವಾರ ಬೇಡ. ಪೋಸ್ಟರೂ ಬೇಡ. ನಾಳೇನೇ ಹೇಳ್ಬಿಡ್ತೀನಿ."

"ಹೇಳಿ?" ಅಪ್ಪ ಮೊದಲ ಸಲ ತಲೆಯೆತ್ತಿದ. "ಬಾಗಿಲು ತಟ್ಟೋಕೆ ಹೋಗ್ತೀಯಾ?"

ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು.

"ಹೋಗು. ಹೋಗಿ ಮಾಡು. ಕಾರಿಂದ ಇಳಿಸಿದ್ದಾರೆ, ಇನ್ನು ಆ ಕಾಲಿಂದ ನನಗೇನು ಕೆಲಸ? ನೀನೇ ಇಟ್ಕೊ."

ಬೈದಿದ್ದರೆ ಅವಳು ಎದುರು ಮಾತಾಡಬಹುದಿತ್ತು. ಅವನು ಸಿಟ್ಟಿನಿಂದ ಹೇಳಿರಲಿಲ್ಲ, ಹಳೆಯ ಕೊಡೆ ಕೊಟ್ಟುಬಿಡುವವರ ಹಾಗೆ ಹೇಳಿದ್ದ. ಪಟಾಕಿಗೆ ಎದೆಯಲ್ಲಿ ಭಯ ಹುಟ್ಟಿತು. ಅವನನ್ನು ಕೆಣಕಲೆಂದೇ ಬಾಯಿಗೆ ಬಂದದ್ದನ್ನು ಅಂದಳು.

"ಸರಿ, ಹಾಗಾದ್ರೆ ಕನ್ನಡಕದ ಅಂಗಡಿ ಬಿಟ್ಬಿಡ್ತೀನಿ. ನಾಳೆಯಿಂದಾನೇ. ಬೇರೆ ಊರಿಗೆ ಹೋಗ್ತೀನಿ."

ಅಜ್ಜಿ ಬಗ್ಗಿ ಮೇಜಿನ ಕೆಳಗೆ ನೋಡಿದಳು. ಅಮ್ಮನೂ ನೋಡಿದಳು. ಅಪ್ಪನ ಬಲಗಾಲು ಸವೆದ ಜಾಗದ ಮೇಲೆಯೇ ಇತ್ತು. ಎಡಗಾಲು ಅದನ್ನು ಹಿಡಿದಿರಲೂ ಇಲ್ಲ. ಸುಮ್ಮನೆ ಬಿದ್ದಿತ್ತು.

"ನಿನ್ನಿಷ್ಟ," ಅಂದ ಅಪ್ಪ.

ಮಾರನೆಯ ದಿನ ಅಜ್ಜಿ ತಾನಾಗಿ ನಾದಿನಿಯ ಜಗಳವನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಬೈಗುಳವನ್ನೂ ಬಿಡದೆ ಹೇಳಿದಳು. ಏನೂ ಆಗಲಿಲ್ಲ. ಅಮ್ಮ ಅಪ್ಪನ ಕಣ್ಣೆದುರಿಗೇ ಬೇಳೆಗೆ ಎರಡನೇ ಚಮಚ ಉಪ್ಪು ಹಾಕಿದಳು. ಕಾದಳು. ಮೂರನೆಯದನ್ನೂ ಹಾಕಿದಳು. ಅಂದು ನಾಲ್ಕೂ ಜನ ಆ ಉಪ್ಪು ಬೇಳೆಯನ್ನು ಒಂದು ಮಾತಿಲ್ಲದೆ ಉಂಡು, ಎರಡೆರಡು ಲೋಟ ನೀರು ಕುಡಿದು ಎದ್ದರು.

ಶನಿವಾರ ಮಧ್ಯಾಹ್ನ ಅಪ್ಪ ಎರಡು ಕುರ್ಚಿಗಳನ್ನು ಅಕ್ಕಪಕ್ಕ ಹಾಕಿದ.

"ಬಾ, ಕೂತ್ಕೊ. ಮಾಡೋದಾದ್ರೆ ಸರಿಯಾಗಿ ಮಾಡು. ಹಿಮ್ಮಡಿ ಕೆಳಗಿಡು. ಅಲ್ಲಾಡಬಾರದು. ಈಗ ಬೆರಳ ಬುಡದಿಂದ... ಅಷ್ಟು ಜೋರಾಗಿ ಬೇಡ, ಒಳಗಿರೋರ ಹಣೆ ಗಾಜಿಗೆ ಬಡಿಯುತ್ತೆ. ಮೊದಲು ಮೆತ್ತಗೆ, ಆಮೇಲೆ ಗಟ್ಟಿಯಾಗಿ."

"ಹೀಗಾ?"

"ಮತ್ತೆ ಎತ್ತಿದೆ. ಜಿರಳೆ."

"ಹೀಗಾ ಅಪ್ಪಾ?"

"ಇನ್ನೊಂದ್ಸಲ."

ಒಂದು ಗಂಟೆ ಕಲಿಸಿದ. ಇಪ್ಪತ್ತಾರು ವರ್ಷದಲ್ಲಿ ಅವನು ಅವಳಿಗೆ ಕೂತು ಕಲಿಸಿದ ಮೊದಲ ಪಾಠ ಅದು. ಅವಳು ಕೊನೆಕೊನೆಗೆ ಹಿಮ್ಮಡಿಯನ್ನು ಎತ್ತಲಿಲ್ಲ. ಅವನ ಕಾಲು ಮಾತ್ರ ಒಮ್ಮೆಯೂ ತೋರಿಸಿಕೊಡಲಿಲ್ಲ, ಬಾಯಲ್ಲೇ ಹೇಳಿದ.

ಸಂಜೆ ಮೂವರೂ ಜೊತೆಗೆ ಹೋದರು. ಅಜ್ಜಿ ಬರಲಿಲ್ಲ, ಹಲ್ಲಿನ ಮುನಿಸು. ಹಾಲಿನ ಬಾಗಿಲಲ್ಲಿ ಪೋಸ್ಟರು ಆಗಲೇ ಅಂಟಿಸಿತ್ತು. ಅದರಲ್ಲಿ ಪಟಾಕಿಯ ಮುಖ ಇರಲಿಲ್ಲ, ದೊಡ್ಡದೊಂದು ಬೂಟು ಇತ್ತು. ಅಪ್ಪ ಅದರ ಮುಂದೆ ನಿಂತು, "ಎಡಗಾಲಿನ ಬೂಟು ಬರೆದಿದ್ದಾರೆ," ಅಂದ. ಅಮ್ಮ ಅವನ ತೋಳು ಹಿಡಿದು ಒಳಗೆ ಕರೆದೊಯ್ದು ಕೊನೆಯ ಸಾಲಿನಲ್ಲಿ ಕೂರಿಸಿದಳು.

ಪಟಾಕಿ ಹೇಳಿಕೊಟ್ಟಂತೆಯೇ ಒತ್ತಿದಳು. ಹಿಮ್ಮಡಿ ಹಲಗೆಯ ಮೇಲೆ, ಮೊದಲು ಮೆತ್ತಗೆ, ಆಮೇಲೆ ಗಟ್ಟಿಯಾಗಿ. ಎರಡನೇ ಸಾಲಿನಾಚೆ ಯಾರಿಗೂ ಕಾಣಲಿಲ್ಲ. ಸದ್ದೂ ಬರಲಿಲ್ಲ. ಬೀದಿ ತುದಿಯಲ್ಲಿ ನಿಂತವನ ಮಾತಿಗೆ ನಾಲ್ಕು ಜನ ನಕ್ಕರು. ಉಳಿದವರು ಸುಮ್ಮನೆ ಕಾಯುತ್ತಿದ್ದರು. ಪಕ್ಕದಿಂದ ಗಡ್ಡದವನು ತನ್ನ ಮೊಣಕಾಲನ್ನು ಎತ್ತಿ ಎತ್ತಿ ತೋರಿಸಿದ. ಜೋರಾಗಿ, ಇನ್ನೂ ಜೋರಾಗಿ.

ಅವಳು ಕೊನೆಯ ಸಾಲನ್ನು ನೋಡಿದಳು. ಹಣೆಯ ಬಿಳಿ ಪಟ್ಟಿ ಮಾತ್ರ ಕಂಡಿತು. ಮೊಣಕಾಲನ್ನು ಸೊಂಟದವರೆಗೆ ಎತ್ತಿ ಕುಟ್ಟಿದಳು. ಹಲಗೆ ಧಡಲ್ ಎಂದಿತು. ಹಾಲ್ ಬಿದ್ದು ಬಿದ್ದು ನಕ್ಕಿತು. ಮತ್ತೆ ಕುಟ್ಟಿದಳು, ಮತ್ತೆ ನಕ್ಕಿತು. ಹತ್ತು ನಿಮಿಷ ಜಿರಳೆ ಸಾಯಿಸಿದಳು.

"ಒಂದು ವರ್ಷ, ಪ್ರತಿ ಶನಿವಾರ, ಕೊನೇ ಸರದಿ," ಎಂದು ಗಡ್ಡದವನು ಕೈ ಕುಲುಕಿದ. "ಬೇರೆ ಏನು ಬೇಕಾದ್ರೂ ಸೇರಿಸ್ಕೊ. ಕಾಲು ಮಾತ್ರ ತಪ್ಪಿಸ್ಬೇಡ." ಅವಳು ತಲೆಯಾಡಿಸಿದಳು. ಬೇರೆ ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ.

ಬಸ್ಸಿನಲ್ಲಿ ಅಮ್ಮನಿಗೆ ಮುಂದೆ ಸೀಟು ಸಿಕ್ಕಿತು. ಅಪ್ಪ, ಮಗಳು ಹಿಂದೆ ಒಟ್ಟಿಗೆ ಕೂತರು. ನಾಲ್ಕು ನಿಲ್ದಾಣ ಕಳೆದವು.

"ನೀನು ಹೇಳಿದ ಹಾಗೇ ಮಾಡ್ದೆ ಅಪ್ಪಾ. ಕಾಣ್ಸಲಿಲ್ಲ ಅವರಿಗೆ."

"ಕಾಣ್ಸಲ್ಲ," ಅಂದ ಅಪ್ಪ. "ಸರಿಯಾಗಿ ಒತ್ತಿದ್ರೆ ಯಾರಿಗೂ ಗೊತ್ತೇ ಆಗಲ್ಲ."

ಅಷ್ಟರಲ್ಲಿ ಪಕ್ಕದ ರಸ್ತೆಯಿಂದ ಸೈಕಲ್ಲೊಂದು ಬಸ್ಸಿಗೆ ಅಡ್ಡ ಬಂತು. ಜನ ಹೋ ಎಂದರು. ಬಸ್ಸು ಮುಗ್ಗರಿಸಿ ನಿಂತಿತು. ಸೈಕಲ್ಲಿನವನು ಬೈಸಿಕೊಂಡು ದಾಟಿಹೋದ.

ಪಟಾಕಿ ಕೆಳಗೆ ನೋಡಿಕೊಂಡಳು. ಅವಳ ಬಲಗಾಲು ಬಸ್ಸಿನ ನೆಲವನ್ನು ಒತ್ತಿ ಹಿಡಿದಿತ್ತು. ಹಿಮ್ಮಡಿ ಕದಲಿರಲಿಲ್ಲ.

ಅಪ್ಪನೂ ನೋಡಿದ.

"ಹಾಂ," ಅಂದ. "ಹಾಗೆ."

ಬಸ್ಸು ಮತ್ತೆ ಹೊರಟಿತು. ಅವಳು ಕಾಲನ್ನು ಎತ್ತಿಕೊಳ್ಳಲು ನೋಡಿದಳು, ಅದು ಮನೆಯ ನಿಲ್ದಾಣದವರೆಗೂ ಸಡಿಲವಾಗಲಿಲ್ಲ. ಅಪ್ಪ ಕಿಟಕಿಯ ಕಡೆ ತಿರುಗಿಕೊಂಡ. ಅವನ ಎರಡೂ ಕಾಲುಗಳು ಸೀಟಿನ ಕೆಳಗೆ ಸುಮ್ಮನೆ ಇದ್ದವು.